ನಾಲ್ಕನೇ ಗುಂಡಿ

ಸೂಪರ್ ಮಾರ್ಕೆಟಿನ ಹಿಂದಿನ ಸಂದಿಯೊಳಗ
ಖದೀರನ ರಿಪೇರಿ ಅಂಗಡಿ.
ಒಬ್ಬ ಕುಂತರ ಇನ್ನೊಬ್ಬ ನಿಂದರಬೇಕು.
ಗಾಜಿನ ಟೇಬಲ್ ಮ್ಯಾಲ ಎರಡು ಡಬ್ಬಿ ಇಟ್ಟು
ಸೋಲ್ಡರಿನ ಹೊಗಿ ಊದಿ ಅಂದ:
‘ನೋಡು ದೌಲಪ್ಪ, ಯಾವದು ಬೇಕು ತಗೋ.
ಅವಸರಿಲ್ಲ, ಚಾ ಹೇಳೀನಿ.’

ಒಂದು, ಹೈದರಾಬಾದಿಂದ ಬಂದ ಸೆಕೆಂಡ್ ಹ್ಯಾಂಡ್ ಪ್ಯಾಡ್.
ಹದಿನಾರು ರಬ್ಬರ ಚೌಕ, ಕರುವಿನ ಕಿವಿಯಂಗ ಮೆತ್ತಗ.
ಒತ್ತಿದರ ಒಳಗಿಂದ ಬೆಳಕು:
ಕೆಂಪು, ಹಸರು, ಹೆಸರು ಗೊತ್ತಿಲ್ಲದ್ದೊಂದು ನೀಲಿ.
ಇದಕ ತೂಕ ತಿಳೀತದಂತ.
ಸವರಿದರ ಸಣ್ಣ ದನಿ, ಗುದ್ದಿದರ ದೊಡ್ಡ ದನಿ,
ನಡುವ ನೂರಾ ಇಪ್ಪತ್ತೇಳು ಮೆಟ್ಟಿಲು.
‘ಒಂಬತ್ತು ಸಾವಿರ, ನಿನಗಂತ ಎಂಟೂವರಿ.’

ಇನ್ನೊಂದು ಅವನೇ ಕುಂತು ಮಾಡಿದ್ದು.
ಬಸ್‌ಸ್ಟ್ಯಾಂಡ್ ಎದುರಿಗಿ ವಿಡಿಯೋ ಗೇಮ್ ಪಾರ್ಲರ್ ಇತ್ತಲ್ಲ,
ಶಾಲಿ ತಪ್ಪಿಸಿ ರೂಪಾಯಿಗೆ ಮೂರು ಜೀವ ತಗೊಂಡು
ಮೂರೂ ಕಳಕೊಂಡು ಮನಿಗಿ ಬರ್ತಿದ್ದಿವಿ,
ಅದು ಮುಚ್ಚಿದ ದಿನ
ಗುಜರಿ ಬಂಡಿಗಿ ಅಡ್ಡ ನಿಂತು ಖದೀರ
ಗುಂಡಿ ಎಲ್ಲಾ ಬಿಚ್ಚಿಕೊಂಡಿದ್ದ.
ಈಗ ಪ್ಲೈವುಡ್ಡಿನಾಗ ಎಂಟು ಅವ.
ಹಳದಿಯದಕ್ಕ ಯಾರೋ ಹಲ್ಲು ಹಚ್ಚಿದ ಗುರ್ತು.
ಒತ್ತಿದರ ಟಕ್.
ಪ್ರೀತಿಲೆ ಒತ್ತಿದರೂ ಟಕ್, ಸಿಟ್ಟಿಲೆ ಒತ್ತಿದರೂ ಅದೇ ಟಕ್.
ಹೂಂ ಇಲ್ಲಾ ಊಹೂಂ. ನಡುವ ಮಾತಿಲ್ಲ.

ಖರೆ ಹೇಳ್ತೀನಿ, ಪ್ಯಾಡೇ ಚಂದ.
ಕೈ ಇಟ್ಟೆ. ಏನು ಬಾರಿಸಲಿ?
ನಮ್ಮಕ್ಕ ಚಂದಮ್ಮ ರೊಟ್ಟಿ ಬಡಿಯೂದು ನೆನಪಾತು,
ಮೊದಲು ಜೋರು, ಅಂಚು ತೆಳ್ಳಗಾದಂಗ ಹಗುರ,
ಕೊನಿಗಿ ಬರೇ ಹಿಟ್ಟಿನ ಉಸಿರು.
ಬಾರಿಸಿದೆ. ಬಂತು! ಅಕ್ಕನೇ ಬಂದು ಕುಂತಂಗ.
ತೋರು ಬಟ್ಟು ಬಂತು, ನಡು ಬಟ್ಟು ಬಂತು,
ನಾಲ್ಕನೇದಕ್ಕ
ರೊಟ್ಟಿಗಿ ತೂತು ಬಿತ್ತು.

ಶಹಾಬಾದಿನ ಫರಸಿ ಕಾರ್ಖಾನ್ಯಾಗ ಎರಡು ವರ್ಷ ಇದ್ದೆ.
ಕೊಯ್ಯೂ ಚಕ್ರಕ್ಕ ನೀರು ಬಿಡೂ ಕೆಲಸ.
ಒಂದಿನ ನೀರು ನಿಂತಿತು,
ಪೈಪ್ ನೋಡ್ಲಾಕ ಹೋದೆ, ಚಕ್ರ ನಿಂದರಲಿಲ್ಲ.
ಉಂಗುರದ ಬಟ್ಟು, ಮ್ಯಾಲಿನ ಗೆಣ್ಣು, ಉಗುರು ಸಮೇತ.
ಮಾಲಕ ದವಾಖಾನಿ ರೊಕ್ಕ ಕೊಟ್ಟ,
ಬಿಸ್ಕಿಟ್ ಪುಡಾನೂ ಕೊಟ್ಟ.
ಉಳಿದ ರೊಕ್ಕದಾಗ ಮೊದಲನೇ ಸ್ಪೀಕರ್ ತಂದೆ.
ಆ ಬಟ್ಟಿಗಿ ಈಗ ಬಿಸಿ ತಿಳೀತದ, ತಂಪು ತಿಳೀತದ,
ತೂಕ ಹೊರಲಾಕ ಬರಂಗಿಲ್ಲ.
ಪ್ಯಾಡ್ ತಪ್ಪೇನು ಮಾಡಿಲ್ಲ.
ಅದು ಇದ್ದದ್ದು ಇದ್ದಂಗ ಹೇಳಿತು ಅಷ್ಟೆ.

ಮತ್ತ ಅಫಜಲಪುರದ ಲಗ್ನದಾಗ
ಬಾಡಿಗಿ ಪ್ಯಾಡ್ ಒಯ್ದಿದ್ದೆ ನಾ.
ಅಕ್ಕಿಕಾಳು ಬೀಳೂ ಹೊತ್ತಿಗಿ ಮೊಣಕೈ ತಾಗಿ
ಪೊಲೀಸ್ ಸೈರನ್ ಬಡಕೊಂಡಿತು.
ಮದುಮಗನ ಕಾಕಾ ಚಪ್ಪಲಿ ಬಿಟ್ಟು ಓಡಿದ,
ಯಾಕ ಅಂತ ಇವತ್ತಿಗೂ ಯಾರೂ ಕೇಳಿಲ್ಲ.
ಪಿಕಪ್ ಗಾಡಿ ಮ್ಯಾಲ, ಧೂಳಿನಾಗ, ರಾತ್ರಿ ಹನ್ನೊಂದಕ್ಕ,
ಮುಂದ ಕುದರಿ ಬೆದರ್ಲಾಕತ್ತಾಗ
ಅಷ್ಟು ಸೂಕ್ಷ್ಮ ತಗೊಂಡು ನಾ ಏನು ಮಾಡಲಿ
ಅಂತ ಅಂದುಕೊಂಡೆ.
ಅಂದುಕೊಂಡರೂ ಕೈ ರಬ್ಬರ್ ಮ್ಯಾಲಿಂದ ಏಳಲಿಲ್ಲ.

ಚಾ ಬಂತು. ಖದೀರ ಬಶಿಗಿ ಸುರಕೊಂಡ.
ಬಾರಿಸೂದು ಅವ ಕೇಳಿದ್ದ, ತೂತೂ ಕೇಳಿದ್ದ,
ಏನೂ ಅನ್ನಲಿಲ್ಲ.
ಗುಂಡಿ ಡಬ್ಬಿ ಮೆಲ್ಲಗ ನನ್ನ ಕಡಿ ಸರಿಸಿದ.
ಟಕ್, ಟಕ್.
ಮೂರನೇದು ಟಕ್.
ನಾಲ್ಕನೇದಕ್ಕ ಬಟ್ಟು ಮುಟ್ಟಲೇ ಇಲ್ಲ,
ಗಾಳಿಯೊಳಗ ನಿಂತಿತು, ಅರ್ಧ ಇಂಚು ಮ್ಯಾಲ,
ಬಾಗಿಲ ಬಡೀಲಾಕ ಬಂದು ನಾಚಿಕೊಂಡವರಂಗ.

ಖದೀರ ಬಶಿ ಇಟ್ಟ, ಸ್ಕ್ರೂಡ್ರೈವರ್ ತಗೊಂಡ.
ನನ್ನ ಕೈ ಹಿಡಿದು ಬಟ್ಟಿನ ತುದಿಯಿಂದ ಗುಂಡಿತನ
ಸ್ಕೇಲ್ ಹಚ್ಚಿ ನೋಡಿದ,
ಟೇಲರ್ ಕುತ್ತಿಗಿ ಅಳತಿ ನೋಡಿದಂಗ.
‘ಇದರ ಬುಡಕ ಎರಡು ವಾಶರ್ ಹಾಕಲೇನು?’

‘ಮೂರು ಹಾಕು’ ಅಂದೆ.